ರಾಜ್ಯಪಾಲರ ಕೋಟಿನ ತೋಳು

ಅರ್ಧಿಂಚು ಮಾಸ್ತರ್ ಎಂಬ ಹೆಸರನ್ನು ಆ ದರ್ಜಿಗೆ ಯಾರು ಇಟ್ಟರೋ ಈಗ ಯಾರಿಗೂ ನೆನಪಿಲ್ಲ. ಇಟ್ಟವರು ಗೇಲಿಗೇ ಇಟ್ಟಿರಬೇಕು. ಮಾಸ್ತರ್ ಮಾತ್ರ ಅದನ್ನು ಪದಕ ಸಿಕ್ಕವರ ಹಾಗೆ ಎದೆಗೆ ಸಿಕ್ಕಿಸಿಕೊಂಡು ತಿರುಗಿದರು. ನಲವತ್ತೆರಡು ವರ್ಷದಿಂದ ಕೋಟು ಹೊಲಿಯುತ್ತಿದ್ದೇನೆ, ನನ್ನ ಅಳತೆ ಅರ್ಧ ಇಂಚೂ ಆಚೀಚೆ ಆಗಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹರಿದ ಜೇಬು ಹೊಲಿಸಲು ಬಂದವನೂ ಅದನ್ನು ಪೂರ್ತಿ ಕೇಳಿಯೇ ಹೋಗಬೇಕಿತ್ತು. ಕೇಳಿಸಿಕೊಳ್ಳದೆ ಹೋಗುವವರು ಓದಿಕೊಳ್ಳಲಿ ಎಂದು ಬೋರ್ಡಿನ ಮೇಲೂ ಬರೆಸಿದ್ದರು.

ಆದರೆ ಒಂದು ಸಲ ತಪ್ಪಿತ್ತು. ಅದೂ ಅರ್ಧ ಇಂಚಲ್ಲ, ಮೂರು ಇಂಚು. ಯಾರೋ ಗುಮಾಸ್ತನ ಮದುವೆಯ ಕೋಟಾಗಿದ್ದರೆ ಹೇಗೋ ಮುಚ್ಚಿಹೋಗುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಹೊಸ ರಾಜ್ಯಪಾಲರು ಪ್ರಮಾಣ ವಚನ ಸ್ವೀಕರಿಸಲು ತೊಟ್ಟ ಕೋಟು ಅದು. ಈ ಗುಟ್ಟು ಮಾಸ್ತರ್‌ಗೆ ಮತ್ತು ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಮಗಳಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿಲ್ಲ ಎಂದು ಮಾಸ್ತರ್ ನಂಬಿದ್ದರು.

ಆ ರಾಜ್ಯಪಾಲರು ಹೋದ ವರ್ಷ ತೀರಿಕೊಂಡರು. ಅವರ ನೆನಪಿಗೆ ನಗರದ ವಸ್ತು ಸಂಗ್ರಹಾಲಯದಲ್ಲಿ ಒಂದು ಕೋಣೆ ಸಿದ್ಧವಾಗಿತ್ತು, ಶನಿವಾರ ಬೆಳಿಗ್ಗೆ ಉದ್ಘಾಟನೆ. ಮಾಸ್ತರ್‌ಗೆ ಮುಂದಿನ ಸಾಲಿನ ಆಹ್ವಾನ ಬಂದಿತ್ತು. ಅದನ್ನು ಅವರು ಹೊಲಿಗೆ ಯಂತ್ರಕ್ಕೆ ಆನಿಸಿ, ಗಿರಾಕಿಗಳ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಸೋಮವಾರ ಸಂಗ್ರಹಾಲಯದ ಅಧಿಕಾರಿ ಫೋನ್ ಮಾಡಿ, ಸ್ವಲ್ಪ ಬಂದು ಹೋಗಿ ಎಂದಾಗ, ಉದ್ಘಾಟನೆಯಲ್ಲಿ ಅತಿಥಿಗಳ ಪಕ್ಕದಲ್ಲಿ ಕೂರಿಸಿ ಮಾತಾಡಲು ಹೇಳುತ್ತಾರೋ ಏನೋ ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋದರು.

ಅಧಿಕಾರಿ ಬಿಳಿ ಕೈಗವಸು ತೊಟ್ಟ ಹೆಂಗಸು. ಆಕೆ ಆ ಗವಸನ್ನು ಟೀ ಕುಡಿಯುವಾಗಲೂ ತೆಗೆಯುವುದಿಲ್ಲ ಎಂದು ಅಲ್ಲಿನ ಕಾವಲುಗಾರ ಹೇಳುತ್ತಿದ್ದ. ಕೋಣೆಯ ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ತಲೆಯಿಲ್ಲದ ಒಂದು ಬೊಂಬೆ. ಬೊಂಬೆಯ ಮೈಮೇಲೆ ಬೂದು ಬಣ್ಣದ ಕೋಟು. ಎದೆ ಸರಿ, ಭುಜ ಸರಿ, ಸೊಂಟ ಅಚ್ಚು ಹೊಯ್ದ ಹಾಗೆ. ತೋಳು ಮಾತ್ರ ಬೆರಳ ಗೆಣ್ಣಿನ ತನಕ ಇಳಿದು, ಅಪ್ಪನ ಅಂಗಿ ಹಾಕಿಕೊಂಡ ಮಗುವಿನ ಹಾಗೆ ಕಾಣುತ್ತಿತ್ತು.

ಮಾಸ್ತರ್ ಕಣ್ಣಲ್ಲೇ ಅಳೆದರು: ಮೂರು ಇಂಚು.

"ನೋಡಿ ಮಾಸ್ತರ್," ಎಂದರು ಅಧಿಕಾರಿ. "ರಾಜ್ಯಪಾಲರ ಡಾಕ್ಟರ ಹತ್ರ ಅಳತೆ ತರಿಸಿ ಈ ಬೊಂಬೆ ಮಾಡ್ಸಿದ್ದೀವಿ. ರಾಜ್ಯಪಾಲರ ಹೆಂಡ್ತಿ, ಅಮ್ಮನೋರು, ಇದೇ ಪ್ರಮಾಣ ವಚನದ ಕೋಟು ಅಂತ ಕೊಟ್ಟಿದ್ದಾರೆ. ಫೋಟೋದಲ್ಲಿ ನೋಡಿದ್ರೆ ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿದೆ. ಇದು ಯಾರದೋ ಕೋಟು. ಪಾಪ, ಅಮ್ಮನೋರಿಗೆ ವಯಸ್ಸಾಯ್ತು, ಮರೆವು."

"ಅಮ್ಮನೋರು ಏನಂತಾರೆ?"

"ಇದೇ ಅಂತ ಹಟ ಹಿಡಿದಿದ್ದಾರೆ. ಪತ್ರಿಕೆಯವರಿಗೂ ವಾಸನೆ ಸಿಕ್ಕಿದೆ. ನಿಮ್ಮಿಂದ ಒಂದೇ ಉಪಕಾರ. ಅರ್ಧ ಇಂಚೂ ತಪ್ಪದ ನೀವು ಇಂಥ ತೋಳು ಹೊಲೀತೀರಾ? ನಾನು ಹೊಲಿದಿದ್ದಲ್ಲ ಅಂತ ಎರಡು ಸಾಲು ಬರೆದುಕೊಡಿ. ಕೋಟು ವಾಪಸ್ ಕಳಿಸಿಬಿಡ್ತೀವಿ."

ಮಾಸ್ತರ್ ಪೆಟ್ಟಿಗೆಯ ತೆರೆದ ಬಾಗಿಲಲ್ಲಿ ಕೈ ಹಾಕಿ ಕಾಲರ್ ಎತ್ತಿ ನೋಡಿದರು. ಒಳಮಗ್ಗುಲಲ್ಲಿ ಕೆಂಪು ದಾರದ ಒಂದೇ ಒಂದು ಹೊಲಿಗೆ ಇತ್ತು. ತಮ್ಮ ಕೈಯಿಂದ ಹೊರಟ ಪ್ರತಿ ಕೋಟಿಗೂ ಅವರು ಗುಟ್ಟಾಗಿ ಹಾಕುವ ಗುರುತು ಅದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎನ್ನದಿದ್ದರೂ ಮಾಸ್ತರ್ ಕೈ ತಾನಾಗಿ ತಮ್ಮ ಹೆಗಲಿಗೆ ಹೋಯಿತು.

"ಕಣ್ಣು ಮಂಜು ಮೇಡಂ," ಎಂದರು. "ಶುಕ್ರವಾರ ಹೇಳ್ತೀನಿ."

ಆ ತಪ್ಪು ಆದದ್ದು ಹೀಗೆ. ಮಾಸ್ತರ್ ಅಳತೆ ತೆಗೆಯುವಾಗ ಅಂಕಿಗಳನ್ನು ಕೂಗುತ್ತಿದ್ದರು, ಮಗಳು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಒಬ್ಬರಿಗೆ ಒಂದು ಹಾಳೆ. ಬಟ್ಟೆ ಕತ್ತರಿಸುವಾಗ ಪುಸ್ತಕವನ್ನು ಎದುರಿಗೆ ತೆರೆದಿಟ್ಟುಕೊಂಡು ಮೊದಲು ಮೈ, ಆಮೇಲೆ ತೋಳು. ಅವತ್ತು ಮೈ ಕತ್ತರಿಸಿದ್ದು ರಾಜ್ಯಪಾಲರ ಹಾಳೆ ನೋಡಿ. ಸೀಮೆಸುಣ್ಣ ಹುಡುಕಲು ಆ ಕಡೆ ತಿರುಗಿದಾಗ ಫ್ಯಾನಿನ ಗಾಳಿಗೆ ಹಾಳೆ ಮಗುಚಿತು. ತೋಳು ಕತ್ತರಿಸಿದ್ದು ಮುಂದಿನ ಹಾಳೆ ನೋಡಿ. ಮುಂದಿನ ಹಾಳೆ ಕಹಳೆ ಮಾಮನದು.

ಕಹಳೆ ಮಾಮ ಎಂದರೆ ಪೊಲೀಸ್ ಬ್ಯಾಂಡಿನ ಮುಖ್ಯಸ್ಥ, ಮಾಸ್ತರ್ ಮಗಳು ಚಿಕ್ಕಂದಿನಿಂದ ಕರೆಯುತ್ತಿದ್ದ ಹೆಸರು. ಆಜಾನುಬಾಹು ಎಂಬ ಮಾತು ಪುರಾಣದವರಿಗಷ್ಟೇ ಅಲ್ಲ ಎಂದು ತೋರಿಸಲೆಂದೇ ಹುಟ್ಟಿದ ಮನುಷ್ಯ. ನಿಂತಲ್ಲೇ ಮಂಡಿ ಕೆರೆದುಕೊಳ್ಳಬಲ್ಲ. ರಾಜ್ಯಪಾಲರೋ ಕುಳ್ಳಗೆ ದುಂಡಗೆ ಇದ್ದವರು. ತೊಡಿಸಿ ನೋಡಲು ಸಮಯವೂ ಇರಲಿಲ್ಲ, ಕೋಟು ಸಂಜೆಯೇ ಹೊರಟುಹೋಯಿತು. ಮಾರನೇ ದಿನ ಬೆಳಿಗ್ಗೆ ಕಹಳೆ ಮಾಮನ ಹಾಳೆ ತೆರೆದು 'ತೋಳು ಇಪ್ಪತ್ತೇಳು' ಎಂದು ಓದಿದಾಗ, ಈ ಇಪ್ಪತ್ತೇಳನ್ನು ನಿನ್ನೆ ತಾನೇ ಕತ್ತರಿಸಿದೆನಲ್ಲ ಎಂದು ಮಾಸ್ತರ್‌ಗೆ ಹೊಳೆಯಿತು. ಎದುರಿಗೆ ಟಿವಿಯಲ್ಲಿ ರಾಜ್ಯಪಾಲರ ಕಾರು ಬಂದು ನಿಲ್ಲುತ್ತಿತ್ತು.

ಬಾಗಿಲು ತೆರೆಯಿತು. ರಾಜ್ಯಪಾಲರು ಇಳಿದರು. ಎಡಗೈ ಮಡಿಸಿ ಎದೆಯ ಮೇಲೆ ಇಟ್ಟುಕೊಂಡಿದ್ದರು, ಬಲಗೈ ಬೆನ್ನ ಹಿಂದೆ. ಮೊಣಕೈ ಮಡಿಸಿದರೆ ತೋಳು ಮೇಲೆ ಸರಿಯುತ್ತದೆ, ಇದು ದರ್ಜಿಗಳಿಗೆಲ್ಲ ಗೊತ್ತು. ಮೂರಿಂಚು ಎಲ್ಲಿ ಹೋಯಿತೋ! ಅವರು ಹಾಗೇ ಮೆಟ್ಟಿಲು ಹತ್ತಿದರು, ಹಾಗೇ ಫೋಟೋ ತೆಗೆಸಿಕೊಂಡರು. ಮರುದಿನ ಒಂದು ಪತ್ರಿಕೆ 'ಎದೆಯ ಮೇಲೆ ಕೈ, ಜನತೆಗೆ ಮಾತು' ಎಂದು ದಪ್ಪಕ್ಷರದಲ್ಲಿ ಬರೆಯಿತು. ಆಮೇಲೆ ಆ ನಿಲುವು ಮನೆಮಾತಾಯಿತು. ಸಣ್ಣಪುಟ್ಟ ಪುಢಾರಿಗಳೂ ಫೋಟೋ ಎಂದರೆ ಎಡಗೈ ಮಡಿಸತೊಡಗಿದರು. ಮಾಸ್ತರ್ ಎರಡನೇ ಕೋಟನ್ನು ನಾಲ್ಕು ಸಲ ಅಳೆದು ಸರಿಯಾಗಿ ಹೊಲಿದು ಕಳಿಸಿದರು. ರಾಜ್ಯಪಾಲರು ಅದರಲ್ಲೂ ಕೈ ಮಡಿಸಿಯೇ ನಿಂತರು. ಸರಿ, ಅವರ ಅಭ್ಯಾಸವೇ ಹಾಗೆ, ಅವರಿಗೇನೂ ಗೊತ್ತಾಗಿಲ್ಲ, ಬದುಕಿದೆ ಬಡಜೀವ ಎಂದು ಮಾಸ್ತರ್ ನಿಟ್ಟುಸಿರು ಬಿಟ್ಟು ಮತ್ತೆ ಅರ್ಧ ಇಂಚಿನ ಪುರಾಣ ಶುರು ಮಾಡಿದರು.

ಆ ರಾಜ್ಯಪಾಲರನ್ನು ಜನ ಮೆಚ್ಚಿದ್ದು ಕೈ ಮಡಿಸಿದ್ದಕ್ಕಲ್ಲ ಬಿಡಿ. ರಾಜ್ಯಪಾಲರಿಗೇನು ಕೆಲಸ, ಸಹಿ ಹಾಕೋದು, ರಿಬ್ಬನ್ ಕತ್ತರಿಸೋದು ಎಂದು ಅವರೇ ತಮಾಷೆ ಮಾಡುತ್ತಿದ್ದರು. ಹಾಗೆ ಹೇಳುತ್ತಲೇ ನಿವಾಸದ ಹಿತ್ತಲ ತೋಟವನ್ನು ಊರವರ ವಾಕಿಂಗಿಗೆ ತೆರೆದರು, ಪುಸ್ತಕದ ಕೋಣೆಯನ್ನು ಪರೀಕ್ಷೆಗೆ ಓದುವ ಮಕ್ಕಳಿಗೆ ಬಿಟ್ಟರು. ದೊಡ್ಡಾಸ್ಪತ್ರೆಯ ಬಸ್ಸು ಆಸ್ಪತ್ರೆಯಿಂದ ಒಂದು ಮೈಲಿ ದೂರದಲ್ಲಿ ನಿಲ್ಲುತ್ತಿತ್ತು. ಅದರ ಬಗ್ಗೆ ಅರ್ಜಿ ಬಂದ ವಾರವೇ ಅವರು ಆ ಬಸ್ಸು ಹತ್ತಿ, ಕೊನೆಯಲ್ಲಿ ಇಳಿದು, ರೋಗಿಗಳ ಜೊತೆ ಆ ಮೈಲಿ ನಡೆದರು. ಯಾರಿಗೂ ಒಂದು ಮಾತು ಬೈಯಲಿಲ್ಲ. ಮುಂದಿನ ವಾರ ಬಸ್ಸು ಆಸ್ಪತ್ರೆ ಬಾಗಿಲಿಗೇ ಬಂತು. ಒಂದು ಸಲ ಔತಣದಲ್ಲಿ ಬಡಿಸುವವನ ಕೈ ತಪ್ಪಿ ಅತಿಥಿಯ ಮುಂದೆ ಟೀ ಚೆಲ್ಲಿದಾಗ, ಇವರು ತಮ್ಮ ಬಟ್ಟಲನ್ನೂ ಉರುಳಿಸಿ, "ಈ ಮೇಜೇ ಸರಿಯಿಲ್ಲ" ಎಂದರಂತೆ. ಅವರು ಅಂಥ ಮನುಷ್ಯ.

ಅಂಗಡಿಗೆ ಬಂದು ಮಾಸ್ತರ್ ಎಲ್ಲ ಹೇಳಿದಾಗ ಮಗಳು ಮೊದಲು ನಕ್ಕಳು. "ಮೂರಿಂಚು ಮಾಸ್ತರ್ ಅಂತ ಬೋರ್ಡು ಬದಲಾಯಿಸಿದ್ರಾಯ್ತು ಬಿಡಪ್ಪ."

"ನಗಬೇಡ ಕಣೇ! ವಕೀಲರ ಕೋಟು, ಬ್ಯಾಂಡಿನವರ ಕೋಟು, ಎಲ್ಲಾ ಬರ್ತಿರೋದು ಆ ಒಂದು ಮಾತಿನ ಮೇಲೆ. ಅದು ಸುಳ್ಳು ಅಂತಾದ್ರೆ ನನ್ನ ಕತ್ತರಿಗೆ ತುಕ್ಕು ಹಿಡಿಯುತ್ತೆ."

"ಹಾಗಾದ್ರೆ ಬರೆದುಕೊಡು, ನಾನು ಹೊಲಿದಿದ್ದಲ್ಲ ಅಂತ."

ಮಾಸ್ತರ್ ಟೇಪು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮಗಳು ಯಂತ್ರ ನಿಲ್ಲಿಸಿದಳು. "ಬರೆದುಕೊಟ್ರೆ ಊರೆಲ್ಲಾ ಆ ಅಮ್ಮನ್ನ ಮರೆವಿನ ಮುದುಕಿ ಅನ್ನುತ್ತೆ. ಗಂಡನ ಕೋಟು ಯಾವುದು ಅಂತ ಗೊತ್ತಿಲ್ಲದೋಳು ಅನ್ನುತ್ತೆ. ಆ ಹಾಳೆ ಬರೆದೋಳು ನಾನಪ್ಪ, ನನಗೂ ನಿದ್ದೆ ಬರಲ್ಲ. ನೀನು ಮೊದಲು ಹೋಗಿ ಆಕೆ ಮುಂದೆ ತಪ್ಪೊಪ್ಪಿಕೋ. ಆಮೇಲೆ ನೋಡೋಣ."

ಬುಧವಾರ ಮಧ್ಯಾಹ್ನ ಮಾಸ್ತರ್ ಹೋದರು. ರಾಜ್ಯಪಾಲರ ಹೆಂಡತಿ ಈಗ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯ ಸಣ್ಣ ಮನೆಯಲ್ಲಿದ್ದರು. ತಾವೇ ಬಂದು ಬಾಗಿಲು ತೆರೆದರು. ಎಂಬತ್ತರ ಹತ್ತಿರದ ಜೀವ, ಕಣ್ಣು ಮಾತ್ರ ಸೂಜಿಗೆ ದಾರ ಪೋಣಿಸುವಷ್ಟು ಚುರುಕು.

"ತೋಳಿನ ವಿಷಯಕ್ಕೆ ಬಂದ್ರಾ ಮಾಸ್ತರ್?" ಎಂದರು.

ಮಾಸ್ತರ್ ಹೊಸಿಲಲ್ಲೇ ನಿಂತುಬಿಟ್ಟರು. ದಾರಿಯುದ್ದಕ್ಕೂ ಕಂಠಪಾಠ ಮಾಡಿಕೊಂಡು ಬಂದ ಮಾತೆಲ್ಲ ಆವಿಯಾಯಿತು.

"ನಿಮಗೆ ಗೊತ್ತಿತ್ತಾ ಅಮ್ಮ?"

"ಒಳಗೆ ಬನ್ನಿ. ನನಗಷ್ಟೇ ಅಲ್ಲ, ಅವರಿಗೂ ಗೊತ್ತಿತ್ತು. ಅವತ್ತು ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಕೈ ಇಳಿಬಿಟ್ರು ನೋಡಿ, ಅಂಗೈಯೇ ಕಾಣ್ಲಿಲ್ಲ! ನಾನು ನಕ್ಕೂ ನಕ್ಕೂ ಹಾಸಿಗೆ ಮೇಲೆ ಕೂತುಬಿಟ್ಟೆ. ಪಿನ್ ಹಾಕ್ತೀನಿ ಅಂದೆ. ಬೇಡ ಕಣೇ, ಪಿನ್ ಕಂಡ್ರೆ ಪತ್ರಿಕೆಯವರು ದರ್ಜಿ ಯಾರು ಅಂತ ಕೇಳ್ತಾರೆ, ಪಾಪ ಅರ್ಧ ಇಂಚಿನ ಮೇಲೆ ಬದುಕ್ತಿರೋ ಮನುಷ್ಯ ಅಂದ್ರು. ಆ ಕಡೆ ಈ ಕಡೆ ತಿರುಗಿ, ಕೈ ಮಡಿಸಿ ನೋಡಿ, ಹಾಂ, ಹೀಗೆ ಅಂದ್ರು."

"ಆದ್ರೆ ಆಮೇಲಿನ ಕೋಟೆಲ್ಲಾ ಸರಿಯಾಗಿತ್ತಲ್ಲಮ್ಮ. ಆಗ್ಲೂ ಕೈ ಮಡಿಸೇ ಇರ್ತಿದ್ರು."

"ಮೊದಲ ದಿನ ಮಡಿಸಿ ಎರಡನೇ ದಿನ ಇಳಿಬಿಟ್ರೆ, ಮೊದಲ ದಿನ ಯಾಕೆ ಮಡಿಸಿದ್ರು ಅಂತ ಜನ ಕೇಳಲ್ವಾ? ಒಂದೆಂಟು ದಿನ ಮಡಿಸ್ತೀನಿ, ಮರೆತುಹೋಗುತ್ತೆ ಅಂದ್ರು. ಅಷ್ಟರಲ್ಲಿ ಆ ಫೋಟೋ ಎಲ್ಲಾ ಕಚೇರಿ ಗೋಡೆ ಮೇಲೂ ಕೂತಿತ್ತು. ಎಂಟು ದಿನ ಹೋಗಿ ಐದು ವರ್ಷ ಆಯ್ತು. ಮನೇಲಿ ಒಂದು ದಿನವೂ ಹಾಗೆ ನಿಂತವರಲ್ಲ. ಹೊರಗೆ ಹೊರಡೋವಾಗ, ನಡಿ, ಮಾಸ್ತರ್ ಮರ್ಯಾದೆ ಎತ್ಕೊಳ್ಳೋಣ ಅಂತ ಕೈ ಎತ್ತೋರು. ವಾಪಸ್ ಬಂದು ಬಾಗಿಲು ಹಾಕಿದ ತಕ್ಷಣ ಕೈ ಇಳಿಬಿಟ್ಟು, ಅಬ್ಬಾ ಅನ್ನೋರು. ಕೊನೇ ವರ್ಷ ಎಡ ಭುಜ ಹಿಡ್ಕೊಂಡಿತ್ತು. ದಿನಾ ಮುಲಾಮು ತಿಕ್ಕಿದೋಳು ನಾನು."

ಹನ್ನೆರಡು ವರ್ಷ ಮಾಸ್ತರ್ ತಾನು ಜಾಣ, ತಪ್ಪಿಸಿಕೊಂಡೆ ಎಂದುಕೊಂಡಿದ್ದರು. ತನ್ನನ್ನು ಒಬ್ಬರು ಐದು ವರ್ಷ ಎಡಗೈ ಮೇಲೆ ಹೊತ್ತಿದ್ದರು ಎಂಬುದು ಈಗ ಗೊತ್ತಾಯಿತು. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯನನ್ನು ಒಂದು ಸಲ ನೋಡಬೇಕು ಎನಿಸಿತು.

"ನನಗೊಂದು ಮಾತು ಹೇಳಬಹುದಿತ್ತಲ್ಲಮ್ಮ. ತಿದ್ದಿಕೊಡ್ತಿದ್ದೆ."

"ನಾನೂ ಹೇಳಿದೆ. ಬೇಡ, ಹೇಳಿದ್ರೆ ಅವನ ಕೈ ನಡುಗುತ್ತೆ, ಕತ್ತರಿ ಹಿಡಿಯೋ ಕೈ ಅಂದ್ರು." ಅಮ್ಮ ಕಣ್ಣೊರೆಸಿಕೊಂಡು ದನಿ ಬದಲಿಸಿದರು. "ನೀವೇನೂ ಬಾಯಿ ಬಿಡಬೇಡಿ. ಹೊಲಿದಿಲ್ಲ ಅಂತಲೇ ಬರೆದುಕೊಡಿ. ಮುದುಕಿಗೆ ಮರೆವು ಅಂದ್ರೆ ಅನ್ನಲಿ, ನನ್ನ ಗಂಟೇನು ಹೋಯ್ತು? ಅವರು ಐದು ವರ್ಷ ಕಾದದ್ದನ್ನ ನಾನು ನಾಲ್ಕು ದಿನ ಕಾಯಬಾರದಾ?"

ಗಂಡನಿಗೆ ತಕ್ಕ ಹೆಂಡತಿ. ಮಾಸ್ತರ್ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಮೆಟ್ಟಿಲಿಳಿಯುವಾಗ ಕಾಲು ಭಾರವಾಗಿತ್ತು, ಬೀದಿಗೆ ಬರುವಷ್ಟರಲ್ಲಿ ಮನಸ್ಸು ಹಗುರಾಗಿತ್ತು. ಏನು ಮಾಡಬೇಕೆಂದು ತೀರ್ಮಾನವಾಗಿತ್ತು.

ಗುರುವಾರದ ಪತ್ರಿಕೆಯಲ್ಲಿ ಸುದ್ದಿ ಬಂದೇ ಬಂತು: 'ಕೋಟು ಅಸಲಿಯೇ? ಪತ್ನಿಯ ನೆನಪಿನ ಬಗ್ಗೆ ಅನುಮಾನ.' ಓದಿದ ಮಾಸ್ತರ್ ಪತ್ರಿಕೆಯನ್ನು ಮಡಿಸಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಇಟ್ಟರು. ಆಡಿಕೊಂಡದ್ದು ಊರು, ಹಾಗಾಗಿ ಹೇಳಬೇಕಾದದ್ದೂ ಊರಿಗೇ. ಶುಕ್ರವಾರ ಅಧಿಕಾರಿಯ ಹತ್ತಿರ ಹೋಗಿ, "ಕೋಟು ತೆಗೀಬೇಡಿ ಮೇಡಂ, ಮೇಲೊಂದು ಬಟ್ಟೆ ಮುಚ್ಚಿ. ನಾಳೆ ನನಗೆ ಎರಡು ನಿಮಿಷ ಕೊಡಿ, ಎಲ್ಲರ ಮುಂದೆ ಹೇಳ್ತೀನಿ," ಎಂದರು. ಹೊಲಿದಿಲ್ಲ ಎಂದು ಹೇಳಲು ಇಷ್ಟು ಸಂಭ್ರಮವೇ ಎಂದು ಆಕೆಗೆ ಅನಿಸಿರಬೇಕು, ಆದರೂ ಒಪ್ಪಿದರು.

ಶನಿವಾರ ಕೋಣೆ ಕಿಕ್ಕಿರಿದಿತ್ತು. ತೋಟದಲ್ಲಿ ವಾಕಿಂಗ್ ಮಾಡುವವರು ಬಂದಿದ್ದರು, ಆ ಪುಸ್ತಕದ ಕೋಣೆಯಲ್ಲಿ ಓದಿ ಡಾಕ್ಟರಾದ ಹುಡುಗಿ ಬಂದಿದ್ದಳು, ಆಸ್ಪತ್ರೆ ಬಸ್ಸಿನ ಡ್ರೈವರು ಸಮವಸ್ತ್ರದಲ್ಲೇ ಬಂದಿದ್ದ. ಮೂಲೆಯಲ್ಲಿ ಪೊಲೀಸ್ ಬ್ಯಾಂಡು, ಅದರ ಪಕ್ಕದಲ್ಲಿ ನಿವೃತ್ತನಾದರೂ ಬ್ಯಾಂಡು ಬಿಡದ ಕಹಳೆ ಮಾಮ. ಮುಖ್ಯ ಅತಿಥಿ ಇಪ್ಪತ್ತು ನಿಮಿಷ ಮಾತಾಡಿದರು, ಅದರಲ್ಲಿ ಹತ್ತು ನಿಮಿಷ ಆ ಎಡಗೈಯ ಬಗ್ಗೆಯೇ. ಅದು ವಿನಯದ ಸಂಕೇತ, ಸಂವಿಧಾನಕ್ಕೆ ಕೊಟ್ಟ ಗೌರವ ಎಂದು ಹೇಳುತ್ತ ತಾವೂ ಎದೆಯ ಮೇಲೆ ಎಡಗೈ ಮಡಿಸಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಅಮ್ಮ ತುಟಿ ಕಚ್ಚಿಕೊಂಡು ಕೂತಿದ್ದರು.

ಮಾಸ್ತರ್ ಸರದಿ ಬಂತು. ಕಂಕುಳಲ್ಲಿ ಅಳತೆ ಪುಸ್ತಕ, ಕೊರಳಲ್ಲಿ ಟೇಪು. ಅಮ್ಮ ಬೇಡ ಬೇಡ ಎಂದು ತಲೆಯಾಡಿಸಿದರು. ಮಾಸ್ತರ್ ಆ ಕಡೆ ನೋಡಲಿಲ್ಲ.

"ಈ ಬಟ್ಟೆ ಕೆಳಗಿರೋ ಕೋಟು ಅಸಲಿ," ಎಂದರು. "ಹೊಲಿದೋನು ನಾನೇ. ಕಾಲರ್ ಒಳಗೆ ನನ್ನ ಕೆಂಪು ದಾರ ಇದೆ. ಅಮ್ಮನ ನೆನಪು ನಮ್ಮೆಲ್ಲರದಕ್ಕಿಂತ ಚೆನ್ನಾಗಿದೆ. ತಪ್ಪಿದ್ದು ನನ್ನ ಅಳತೆ. ಅರ್ಧ ಇಂಚಲ್ಲ, ಮೂರು ಇಂಚು."

ಅವರು ಫ್ಯಾನಿನ ಗಾಳಿಯ ಕತೆ ಹೇಳಿದರು, ಎರಡೂ ಹಾಳೆ ತೆರೆದು ತೋರಿಸಿದರು, ಕಹಳೆ ಮಾಮನನ್ನು ಕರೆದು ಎಲ್ಲರೆದುರು ತೋಳು ಅಳೆದರು. ಅಧಿಕಾರಿ ಬಟ್ಟೆ ಸರಿಸಿ, ಪೆಟ್ಟಿಗೆಯ ಬಾಗಿಲು ತೆರೆದು ಕೋಟಿನ ತೋಳನ್ನು ಅಳೆದರು. ಅದೂ ಇಪ್ಪತ್ತೇಳು, ಇದೂ ಇಪ್ಪತ್ತೇಳು.

"ಹಾಗಾದ್ರೆ ಪ್ರಮಾಣ ವಚನ ತಗೊಂಡಿದ್ದು ನನ್ನ ತೋಳು ಅನ್ನಿ!" ಎಂದ ಕಹಳೆ ಮಾಮ.

ಮೊದಲು ನಕ್ಕವರು ಅಮ್ಮ. ಆಮೇಲೆ ಇಡೀ ಕೋಣೆ ನಕ್ಕಿತು. ಮುಖ್ಯ ಅತಿಥಿ ತಮ್ಮ ಎಡಗೈಯನ್ನು ಯಾರಿಗೂ ಕಾಣದ ಹಾಗೆ ಮೆಲ್ಲಗೆ ಇಳಿಸಿ ಜೇಬಿಗೆ ಹಾಕಿಕೊಂಡರು. ನಗು ತಣ್ಣಗಾಗಲಿ ಎಂದು ಮಾಸ್ತರ್ ಕಾದರು. ಆಮೇಲೆ, ಅಮ್ಮ ಹೇಳಿದ್ದನ್ನೆಲ್ಲ ಹೇಳಿದರು. ಕನ್ನಡಿಯ ಮುಂದೆ ಆದದ್ದು, ಎಂಟು ದಿನ ಐದು ವರ್ಷವಾದದ್ದು, ಭುಜ ಹಿಡಿದುಕೊಂಡದ್ದು. ಕೊನೆಯಲ್ಲಿ ಮುಖ್ಯ ಅತಿಥಿಯ ಕಡೆ ತಿರುಗಿದರು.

"ನೀವು ಹೇಳಿದ ಹಾಗಲ್ಲ, ಆ ಕೈ ಯಾವುದರ ಸಂಕೇತವೂ ಅಲ್ಲ ಸ್ವಾಮಿ. ಒಬ್ಬ ದರ್ಜಿ ಹೊಟ್ಟೆ ಮೇಲೆ ಏಟು ಬೀಳದಿರಲಿ ಅಂತ ಎತ್ತಿ ಹಿಡಿದ ಕೈ. ನನ್ನಂಥೋನಿಗೆ ಇಷ್ಟು ಮಾಡಿದೋರು ಇನ್ನೆಷ್ಟು ಜನಕ್ಕೆ ಮಾಡಿದ್ದಾರೋ, ಅವರಿಗೆಲ್ಲ ಗೊತ್ತಿದೆಯೋ ಇಲ್ವೋ."

ಬಸ್ಸಿನ ಡ್ರೈವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಮಗಳು ಗೋಡೆಗೆ ಒರಗಿ ಮೂಗೊರೆಸಿಕೊಳ್ಳುತ್ತಿದ್ದಳು. ಅಂಗಡಿಯ ಗತಿ ಏನು ಎಂಬ ಯೋಚನೆ ಮಾಸ್ತರ್‌ಗೆ ಆ ಹೊತ್ತಿನಲ್ಲಿ ಬರಲೇ ಇಲ್ಲ. ಒಬ್ಬ ಮುದಿ ವಕೀಲರು ಹತ್ತಿರ ಬಂದು, "ನನ್ನ ಕೋಟು ಸೋಮವಾರ ಸಿಗುತ್ತೆ ತಾನೇ?" ಎಂದು ಕೇಳಿದ ಮೇಲೆಯೇ ನೆನಪಾದದ್ದು.

ಜನ ಕರಗುವಾಗ ಅಧಿಕಾರಿ ಗವಸು ತೆಗೆದು, ಬರಿಗೈಯಲ್ಲಿ ಮಾಸ್ತರ್ ಕೈ ಹಿಡಿದುಕೊಂಡರು. "ಒಂದು ಕೆಲಸ ಮಾಡೋಣ. ಬೊಂಬೆಯ ಕೈ ಮಡಿಸಿಡ್ತೀವಿ, ಫೋಟೋದಲ್ಲಿ ಇರೋ ಹಾಗೆ. ತೋಳು ಸರಿಯಾಗಿ ಕಾಣುತ್ತೆ, ನೋಡೋರ ಮುಂದೆ ನಿಮಗೂ ಮುಜುಗರ ಇರಲ್ಲ."

ಮಾಸ್ತರ್ ಗಾಜಿನ ಪೆಟ್ಟಿಗೆಯೊಳಗೆ ನೋಡಿದರು. ಎರಡೂ ತೋಳು ಗೆಣ್ಣಿನ ತನಕ ಜೋತುಬಿದ್ದು, ಊರಿಗೆಲ್ಲ ಕಾಣುವ ಹಾಗೆ, ಮೂರಿಂಚು ಉದ್ದವಾಗಿ ನಿಂತಿದ್ದವು.

"ಬೇಡ ಮೇಡಂ," ಎಂದರು. "ಐದು ವರ್ಷ ಎತ್ತಿ ಹಿಡಿದಿದ್ರು. ಇನ್ನು ಇಳಿಬಿಡಲಿ."

ಅಮ್ಮ ಪೆಟ್ಟಿಗೆಯ ಹತ್ತಿರ ಬಂದರು. ತೆರೆದಿದ್ದ ಬಾಗಿಲಲ್ಲಿ ಕೈ ಹಾಕಿ, ಇಳಿಬಿದ್ದ ಎಡ ತೋಳನ್ನು ಭುಜದಿಂದ ತುದಿಯ ತನಕ ಒಮ್ಮೆ ಸವರಿದರು.

"ಅಬ್ಬಾ," ಎಂದರು.